ಹಸುಗಳ ಹೆಸರು ಹೇಳಿದ್ದು ನಾನೇ

ಶೋಭಾ, ಕಾರ್ಕಳದ ನಿನ್ನ ರೂಮು ನಿನ್ನ ಗಂಡನಿಗೆ ಗೊತ್ತಾದದ್ದು ನನ್ನಿಂದ. ನಿನ್ನ ಸ್ನೇಹಿತೆ ಮಮತಾ ಬಾಯಿ ಬಿಟ್ಟದ್ದಲ್ಲ. ಆ ಹುಡುಗಿಯ ಸಂಗಡ ನೀನು ಮಾತು ಬಿಟ್ಟೆ — ನಾನು ನೋಡಿಕೊಂಡು ಸುಮ್ಮನಿದ್ದೆ.

ಕಾಪುವಿನ ಗಂಡನ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಂಡು ಪರ್ಕಳಕ್ಕೆ ನನ್ನ ಮನೆಗೆ ಬಂದವಳು ನೀನು. ಬೆನ್ನಿನ ಬಾಸುಂಡೆಯ ಫೋಟೋ, ವಕೀಲರ ಕಾಗದ, ಎಲ್ಲಕ್ಕೂ ನೀನು ಕಂಪ್ಯೂಟರಿನಲ್ಲಿ ಬೀಗ ಹಾಕಿ ಆಮೇಲೆ ಕ್ಲೌಡಿಗೆ, ಎಂದರೆ ಇಂಟರ್ನೆಟ್ಟಿನಲ್ಲಿ ಯಾವುದೋ ಕಂಪೆನಿಯ ಜಾಗಕ್ಕೆ, ಹಾಕುತ್ತಿದ್ದೆ. "ಹೀಗೆ ಮಾಡಿದರೆ ಆ ಕಂಪೆನಿಯವರಿಗೂ ಓದಲಿಕ್ಕೆ ಆಗುವುದಿಲ್ಲ ದೊಡ್ಡಮ್ಮ. ಕೀಲಿ ಮರೆತರೆ ನನಗೂ ಇಲ್ಲ" ಎಂದೆ. ಕೀಲಿ ಎಂದರೆ ನನ್ನ ನಾಲ್ಕು ಹಸುಗಳ ಹೆಸರು, ನಾನು ಹಾಲು ಕರೆಯುತ್ತಿದ್ದ ಸಾಲಿನಲ್ಲೇ. ನೀನು ಮರೆತರೆ ಹೇಳಲಿಕ್ಕೆ ನಾನು.

ನೀನು ಕಾರ್ಕಳಕ್ಕೆ ಹೋದ ಮೇಲೆ ನಿನ್ನ ಗಂಡ ನನ್ನ ಮನೆಗೆ ಬಂದ. ಎಲ್ಲಿ ರೂಮು ಎಂದು ನೀನು ನನಗೂ ಹೇಳಿರಲಿಲ್ಲ, ಒಳ್ಳೆಯದೇ ಮಾಡಿದ್ದೆ. ನೀನು ಬಿಟ್ಟು ಬಂದ ಹಳೆಯ ಫೋನು ಅವನ ಕೈಯಲ್ಲಿತ್ತು; ನೀನು ಕ್ಲೌಡಿಗೆ ಹಾಕಿದ್ದೆಲ್ಲ ಅದಕ್ಕೂ ಬರುತ್ತಿತ್ತು. ಎಲ್ಲ ಕಾಣುತ್ತದೆ, ಒಂದೂ ತೆರೆಯುವುದಿಲ್ಲ, ಕೀಲಿ ಹೇಳಿ ಎಂದ.

"ಅವಳು ಎಂತ ಇಟ್ಟಿದ್ದಾಳೆ ನೋಡಿ ತಪ್ಪು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯ ದೈವದ ಆಣೆ ದೊಡ್ಡಮ್ಮ, ಇನ್ನು ಅವಳ ಮೈಮೇಲೆ ಕೈ ಹಾಕುವುದಿಲ್ಲ."

ದೈವದ ಆಣೆ ಹಾಕಿದವನನ್ನು ನಂಬದಿರಲು ನನಗೆ ಯಾರೂ ಕಲಿಸಿರಲಿಲ್ಲ. ಸುಳ್ಳು ಯಾಕೆ — ನೀನು ಗಂಡನ ಮನೆ ಸೇರಿದರೆ ನೆರೆಕರೆಯವರ ಬಾಯಿ ಮುಚ್ಚುತ್ತದೆ ಎಂದೂ ಇತ್ತು ನನ್ನ ಮನಸ್ಸಿನಲ್ಲಿ. ಹೇಳಿದೆ. ನಾಲ್ಕೂ ಹೆಸರು, ಸಾಲು ತಪ್ಪದೆ.

ಅವನು ನಿನ್ನ ಬೆನ್ನಿನ ಫೋಟೋ ನೋಡಿದ. ಮುಖದಲ್ಲಿ ಎಂತದೂ ಇಲ್ಲ. ಮುಂದೆ ಸರಿಸುತ್ತಾ ಹೋಗಿ ರೂಮಿನ ಬಾಡಿಗೆ ಕರಾರಿನ ಹತ್ತಿರ ನಿಂತ. ಅದೂ ಅದರೊಳಗೆ ಉಂಟೆಂದು ನನಗೆ ಗೊತ್ತಿರಲಿಲ್ಲ. "ಚಾ ಬೇಡ" ಎಂದು ಎದ್ದ. ಆಗಲೇ ನಿನಗೆ ಫೋನು ಮಾಡಬೇಕಿತ್ತು — ಆಣೆ ಹಾಕಿದ್ದಾನಲ್ಲ ಎಂದುಕೊಂಡು ಒಳಗೆ ಹೋಗಿ ಅನ್ನಕ್ಕೆ ಇಟ್ಟೆ.

ಅವನು ನಿನ್ನ ಕೈ ಮುರಿದ ಸುದ್ದಿ ಸಂಜೆ ಬಂತು. ಉಡುಪಿಯ ಆಸ್ಪತ್ರೆಯಲ್ಲಿ ನಿನಗೆ ಗಂಜಿ ತಿನ್ನಿಸಿದೆ. "ಮಮತಾನೇ ಹೇಳಿರಬೇಕು" ಎಂದು ನೀನು ಅತ್ತೆ. ನಾನು ಬಾಯಿ ಒರೆಸಿದೆ, ನಿನ್ನದು.

ಈಗ ಯಾಕೆ ಹೇಳುತ್ತೇನೆ ಎಂದರೆ ನನಗೆ ಹೆದರಿಕೆ. ಮೊನ್ನೆ ಬಂದವಳು ನೀನು ಹೇಳಿದೆ, ಮಣಿಪಾಲದ ಹೊಸ ಮನೆಯ ಕಾಗದ, ಮಗುವಿನ ಶಾಲೆಯದ್ದು, ಕೋರ್ಟಿನದ್ದು, ಎಲ್ಲ ಅಲ್ಲೇ ಇಟ್ಟಿದ್ದೇನೆ, ಕೀಲಿ ಹಳೆಯದೇ ಎಂದು. ನಗುತ್ತಾ ಹೇಳಿದೆ. ಆಗಲಾದರೂ ಹೇಳುವುದು ಬಿಟ್ಟು ನಿನಗೆ ಇನ್ನಷ್ಟು ಚಾ ಹಾಕಿದೆ.

ನಿನ್ನೆ ಅವನ ಫೋನು ಬಂತು. "ಹಸುಗಳೆಲ್ಲ ಹೇಗಿವೆ ದೊಡ್ಡಮ್ಮ?" ಎಂದ. ನನ್ನ ದನದ ಹಟ್ಟಿ ಖಾಲಿಯಾಗಿ ವರ್ಷಗಳಾದವು, ಅವನಿಗೂ ಗೊತ್ತು. ಕೇಳಿ ಫೋನು ಇಡಲಿಲ್ಲ. ಅವನ ಉಸಿರು ಕೇಳುತ್ತಿತ್ತು.

ಬೈಯುವುದು ಆಮೇಲೆ ಬೈಯಿ. ಮೊದಲು ಕೀಲಿ ಬದಲಿಸು, ಹಳೆಯ ಫೋನಿಗೆ ಇನ್ನು ಎಂತದೂ ಹೋಗದ ಹಾಗೆ ಮಾಡು, ಮಗುವನ್ನು ಕರೆದುಕೊಂಡು ಬೇರೆ ಎಲ್ಲಿಗಾದರೂ ಹೋಗು. ಮಮತಾಳ ಹತ್ತಿರ ನಾನು ಹೋಗಿ ಹೇಳುತ್ತೇನೆ.

ಹೊಸ ಕೀಲಿ ಎಂತದ್ದು ಎಂದು ನನಗೆ ಹೇಳಬೇಡ. ಎಲ್ಲಿಗೆ ಹೋದೆ ಎಂದೂ ಹೇಳಬೇಡ.