ಒದರುವ ಸ್ವಿಚ್ಚು

ಬೆಳಗಾವಿಯ ಖಾಸಬಾಗದ ನಮ್ಮ ಅಂಗಡಿಯಲ್ಲಿ ಹಳೆಯ ನೆಟ್‌ವರ್ಕ್ ಸ್ವಿಚ್‌ಗಳನ್ನು ಕೊಂಡು, ಪರೀಕ್ಷಿಸಿ, ಮಾರುತ್ತೇವೆ. ಒಂದು ಕೋಣೆಯ ಕಂಪ್ಯೂಟರ್‌ಗಳನ್ನೆಲ್ಲ ತಂತಿಯಿಂದ ಒಂದುಗೂಡಿಸುವ ಡಬ್ಬಿ ಅದು. ಪರೀಕ್ಷಿಸುವವಳು ನಾನು; ಮಾಲೀಕರ ಪ್ರಕಾರ ಅನುಮಾನಪಡುವವಳು. ಅವರ ಪರೀಕ್ಷೆ ಸರಳ: ಹಸಿರು ದೀಪ ಹತ್ತಿದರೆ ಪಾಸು. ನನ್ನದು ಬೇಸರದ್ದು: ಎಲ್ಲ ಪೋರ್ಟ್‌ಗಳಿಗೂ ತಂತಿ ಸಿಕ್ಕಿಸಿ, ದಿನವಿಡೀ ಡೇಟಾ ಹರಿಸಿ, ಅದು ಸೋಲುವುದನ್ನೇ ಕಾಯುವುದು. ಸೋಲದಿದ್ದರೆ ನನ್ನ ಸಹಿಯ ಚೀಟಿ ಅಂಟಿಸುತ್ತೇನೆ.

ಕಳೆದ ವರ್ಷ ಖಾನಾಪುರದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಮೇಡಂ ಒಬ್ಬರು ಸ್ವಿಚ್ ಕೇಳಿದರು. ಅವರ ಕೇಂದ್ರದಲ್ಲಿ ಆನ್‌ಲೈನ್ ಪರೀಕ್ಷೆ ನಡೆಸಬಹುದೇ ಎಂದು ನೋಡಲು ಅಧಿಕಾರಿ ಬರುವವರಿದ್ದರು. ಅವರೆದುರು ನಡೆಯುವ ಅಣಕು ಪರೀಕ್ಷೆಯ ನಡುವೆ ಒಂದು ಕಂಪ್ಯೂಟರ್ ಕೈಕೊಟ್ಟರೂ ಮಾನ್ಯತೆಯಿಲ್ಲ. ಅದು ಸಿಗದಿದ್ದರೆ ಮೇಡಂ ಅವರ ಹುಡುಗಿಯರು ಪ್ರತಿ ಪರೀಕ್ಷೆಗೂ ಬೆಳಗಾವಿ ಬಸ್ಸಿನಲ್ಲಿ ಜೋತಾಡಬೇಕು.

ಮಾಲೀಕರು ಆರಿಸಿಕೊಟ್ಟ ಸ್ವಿಚ್ ಅನುಮಾನ ಬರುವಷ್ಟು ಮೌನವಾಗಿತ್ತು. ಬೆಳಿಗ್ಗೆಯೆಲ್ಲ ಹೊಸ ಅಳಿಯನಂತೆ ನಡೆದುಕೊಂಡಿತು. ಮಧ್ಯಾಹ್ನಕ್ಕೆ ಮೈ ಸುಡತೊಡಗಿತು. ದೀಪಗಳು ಹಸಿರಾಗಿಯೇ ಇದ್ದವು, ಡೇಟಾ ಮಾತ್ರ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಬಿಚ್ಚಿದರೆ, ಒಳಗಿನ ಫ್ಯಾನಿಗೆ ಎಣ್ಣೆ, ಎಣ್ಣೆಗೆ ಹತ್ತಿಯ ಧೂಳು. ಫ್ಯಾನು ತಿರುಗುವುದನ್ನೇ ಬಿಟ್ಟಿತ್ತು.

ಮಾಲೀಕರದು ಪಕ್ಕದ ಶಹಾಪುರ ಬಡಾವಣೆಯ ನೇಕಾರ ಮನೆತನ. ಮನೆಯ ಕೆಳಗೆ ಈಗಲೂ ಮಗ್ಗ ಓಡುತ್ತದೆ, ಮೇಲಿನ ಕೋಣೆ ನಮ್ಮ ಗೋದಾಮು. ಸದ್ದು ಮಾಡುವ ಯಾವ ವಸ್ತು ಕಂಡರೂ ಅವರ ಕೈ ತಾನಾಗಿ ಮಗ್ಗದ ಎಣ್ಣೆಯತ್ತ ಹೋಗುತ್ತದೆ.

"ಒದರ್ತಿತ್ತು, ಎರಡು ಹನಿ ಬಿಟ್ಟೆ," ಎಂದರು. "ಮಗ್ಗಕ್ಕ ನಡೀತೈತಿ, ಈ ಡಬ್ಬಿಗೇನ್ ಧಾಡಿ?"

"ಮಗ್ಗ ಬಟ್ಟಿ ನೇಯ್ತೈತ್ರಿ. ಇದನ್ನೂ ನೇಯಾಕ ಹಚ್ಚೂಣೇನು?"

ಕೆಟ್ಟುಹೋದ ಇನ್ನೊಂದು ಸ್ವಿಚ್ಚಿನ ಫ್ಯಾನನ್ನು ಕಿತ್ತು ಇದಕ್ಕೆ ಜೋಡಿಸಿದೆ. ಅದು ಹಿಟ್ಟಿನ ಗಿರಣಿಯಂತೆ ಒದರಿತು, ಆದರೆ ಮರುದಿನ ಸಂಜೆಯವರೆಗೂ ಡೇಟಾ ಒಂದಿಷ್ಟೂ ಕಳೆಯಲಿಲ್ಲ. ಚೀಟಿ ಅಂಟಿಸಿದೆ. ಇಂಥ ಬಜಾರಿಯನ್ನು ಗಿರಾಕಿಯ ಮನೆ ತುಂಬಿಸುವುದು ಹೇಗೆಂದು ಮಾಲೀಕರು ಮುಖ ಸಣ್ಣದು ಮಾಡಿದರು.

ತಪಾಸಣೆಯ ದಿನ ಇಬ್ಬರೂ ಖಾನಾಪುರಕ್ಕೆ ಹೋದೆವು. ಅಧಿಕಾರಿ ಕನ್ನಡದಲ್ಲಿ ಸೂಚನೆ ಓದಿದರು, ಮೇಡಂ ಅದನ್ನೇ ಹುಡುಗಿಯರಿಗೆ ಮರಾಠಿಯಲ್ಲಿ ಕೂಗಿದರು. ಸ್ವಿಚ್ಚಿನ ಗದ್ದಲಕ್ಕೆ ಎರಡೂ ಭಾಷೆ ಸಮನಾಗಿ ಸೋತವು. ಮಾಲೀಕರು ಜೇಬಿನಿಂದ ಎಣ್ಣೆಯ ಪುಟ್ಟ ಡಬ್ಬಿ ತೆಗೆಯುವುದು ಕಾಣಿಸಿತು. ನಾಲ್ಕು ಜನರೆದುರು ಎದ್ದು ನಿಲ್ಲುವುದು ನನಗೆ ಒಗ್ಗದ ಕೆಲಸ. ಆದರೂ ಹೋಗಿ ಅವರಿಗೂ ಸ್ವಿಚ್ಚಿಗೂ ನಡುವೆ ಕಂಬದಂತೆ ನಿಂತೆ, ಕೊನೆಯ ಹುಡುಗಿ ಉತ್ತರ ಸಲ್ಲಿಸುವವರೆಗೂ.

ಒಂದು ಕಂಪ್ಯೂಟರೂ ಕೈಕೊಡಲಿಲ್ಲ. ಅಧಿಕಾರಿ ಮಾನ್ಯತೆಗೆ ಸಹಿ ಹಾಕಿ, ಬಾಜು ಗಿರಣಿ ಇದೆಯೇ ಎಂದು ವಿಚಾರಿಸಿ ಹೊರಟರು. ಮುಂದಿನ ವಾರ ಸದ್ದಿಲ್ಲದ ಸ್ವಿಚ್ಚೊಂದನ್ನು ತಂದುಕೊಡುವುದಾಗಿ ಮಾಲೀಕರು ಮೇಡಂಗೆ ಹೇಳಿದರು.

"ಬ್ಯಾಡ್ರಿ ಕಾಕಾ, ಒದರ್ಲಿ," ಎಂದರು ಮೇಡಂ. "ಒದರೂದು ನಿಂತ ದಿನ ಫೋನ್ ಹಚ್ಚತೀನಿ. ನಿಮಗಲ್ಲ, ಈಕಿಗೆ."