ಹಲ್ಲಿನ ಡಾಕ್ಟರ ಮಾಂಟೆನೆಗ್ರೊ

ನಮ್ಮ ಹಲ್ಲಿನ ಡಾಕ್ಟರು ಮಾಂಟೆನೆಗ್ರೊ ಪ್ರವಾಸದ ಮಾತೆತ್ತುವುದು ರೋಗಿಯ ಬಾಯಿ ತೆರೆಸಿದ ಮೇಲೆಯೇ. "ಯುರೋಪಲ್ಲಿ ಬಾಲ್ಕನ್ ಕಡೆಯ ಪುಟ್ಟ ದೇಶ, ಬರೀ ಬೆಟ್ಟ. ಅಲ್ಲಿ ಬಸ್ಸಲ್ಲಿ ಸುತ್ತೋದಾ, ಕಾರಲ್ಲಾ?" ಎಂದು ಕೇಳಿ, ನಮ್ಮ "ಆಆ" ಎಂಬುದನ್ನು ಕಾರಿನ ಲೆಕ್ಕಕ್ಕೆ ಹಾಕುತ್ತಾರೆ. ಮುಂದಿನ ರೋಗಿ "ಊಊ" ಎಂದರೆ ಕಾರು ಹೋಗಿ ಬಸ್ಸು ಬರುತ್ತದೆ. ಕನ್ನಡಿ ಹಿಡಿದು ನಮ್ಮ ದವಡೆಹಲ್ಲನ್ನೇ ಶಿಖರವೆಂದು ತೋರಿಸಿ, "ಈ ಹುಳುಕಿನ ಹತ್ರಾನೇ ರೂಮು ಮಾಡ್ತೀನಿ" ಎನ್ನುತ್ತಾರೆ. ಮೊನ್ನೆ ಬಾಯಲ್ಲಿದ್ದ ಹತ್ತಿಯನ್ನು ಉಗುಳಿ ನಾನೇ ಕೇಳಿದೆ: "ಡಾಕ್ಟ್ರೇ, ಹೊರಡೋದು ಯಾವಾಗ?" ಅವರು ಕನ್ನಡಿ ಕೆಳಗಿಟ್ಟು ಮೆಲ್ಲಗೆ ಹೇಳಿದರು: "ನಮ್ಮನೆಯವಳಿಗೆ ಬೆಟ್ಟ ಅಂದ್ರೆ ಪ್ರಾಣ. ಈಗ ಹಾಸಿಗೆಯಿಂದ ಏಳೋಕಾಗಲ್ಲ. ಸಂಜೆ ಮನೆಗೆ ಹೋದ ಕೂಡ್ಲೇ, 'ಇವತ್ತು ನಾವು ಎಲ್ಲೀವರೆಗೆ ಬಂದ್ವಿ ರೀ?' ಅಂತ ಕೇಳ್ತಾಳೆ. ದಿನಾ ಒಂದು ಬೆಟ್ಟನಾದ್ರೂ ದಾಟಿಸ್ಬೇಕಲ್ಲ!"