ನಡುವೆ ತೂತಿದ್ದ ದಿಂಬು

ಕಳೆದ ತಿಂಗಳು ಮಿರಜದ ಒಂದು ಔಷಧಿ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತಿದ್ದೆ. ಬಾಗಿಲಿಗೆ ಊರುಗೋಲು, ಸೊಂಟದ ಪಟ್ಟಿ, ಬಿಸಿನೀರಿನ ರಬ್ಬರ್ ಚೀಲ ಎಲ್ಲ ತೂಗುಹಾಕಿದ್ದರು. ಅವುಗಳ ನಡುವೆ ಗಾಳಿ ತುಂಬಿದ ಒಂದು ರಬ್ಬರ್ ದಿಂಬೂ ಇತ್ತು. ಮೂಳವ್ಯಾಧಿ ಆದವರು ಕುರ್ಚಿಯ ಮೇಲೆ ಹಾಕಿಕೊಂಡು ಕೂರುವಂಥದ್ದು, ದುಂಡಗೆ, ನಡುವೆ ತೂತು. ನೋಡಿದ್ದೇ ತಡ, ನಮ್ಮ ಗಣಿತದ ಸರ್ ನೆನಪಾದರು. ನೆನಪಾದರು ಎನ್ನುವುದೂ ಸುಳ್ಳೇ. ಮರೆತಿದ್ದರಲ್ಲವೇ ನೆನಪಾಗುವುದು? ಇಷ್ಟು ವರ್ಷ ನಾನು ಮುಖ ತಿರುಗಿಸಿಕೊಂಡಿದ್ದೆ, ಅಷ್ಟೆ...

ಎರಡು ಸಾವಿರದ ಆರೇಳರ ಮಾತು. ಕಾಗವಾಡದಿಂದ ಅಥಣಿಗೆ ಹೋಗುವ ದಾರಿಯ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ, ಅವರು ಗಣಿತ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಬಿಳಿ ಅಂಗಿಯ ತೋಳನ್ನು ಎರಡು ಸಲ ಮಡಚಿರುತ್ತಿದ್ದರು, ಆ ಮಡಿಕೆಯಲ್ಲಿ ಸದಾ ಸೀಮೆಸುಣ್ಣದ ಪುಡಿ. ಐದು ವರ್ಷದಿಂದ ನಮ್ಮ ಸಾಲಿಯಲ್ಲಿ ಹತ್ತನೇ ತರಗತಿಯ ಗಣಿತದಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ಸುತ್ತಲಿನ ಹಳ್ಳಿಯವರು "ಗಣಿತದ ಸರ್ ಅದಾರಲ್ಲ, ಅಲ್ಲೇ ಹಾಕ್ರಿ" ಎಂದು ಮಕ್ಕಳನ್ನು ತಂದು ನಮ್ಮಲ್ಲಿ ಸೇರಿಸುತ್ತಿದ್ದರು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಿಗ್ಗೆ ಐದೂವರೆಗೆ ವಿಶೇಷ ತರಗತಿ, ಸಂಜೆ ಗುಂಪು ಅಭ್ಯಾಸ, ಭಾನುವಾರ ಹಿಂದುಳಿದ ಮಕ್ಕಳಿಗೆ ಮತ್ತೆ ಪಾಠ. ಒಬ್ಬ ಹುಡುಗನಿದ್ದ, ಲೆಕ್ಕದ ಹೆಸರೆತ್ತಿದರೆ ಕಬ್ಬಿನ ಹೊಲದಲ್ಲಿ ಹೊಕ್ಕು ಕೂರುತ್ತಿದ್ದ. ಸರ್ ಸೈಕಲ್ ತುಳಿದುಕೊಂಡು ಹೊಲಕ್ಕೇ ಹೋಗಿ, ಗದರದೆ ಬೈಯದೆ ಹಿಂದಿನ ಸೀಟಿನ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಆ ವರ್ಷ ಅವನೂ ಪಾಸಾದ. ನನಗೆ ಅವರನ್ನು ಕಂಡರೆ ಗೌರವವೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ಈಗ ಕೇಳಬೇಡಿ.

ಮರುವರ್ಷ ಅವರು ಸೊರಗತೊಡಗಿದರು. ಊಟದ ಡಬ್ಬಿ ತೆರೆದು ಹಾಗೆಯೇ ಮುಚ್ಚುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಶನಿವಾರ ಅರ್ಧ ದಿನದ ಸಾಲಿ ಮುಗಿದದ್ದೇ ಮಿರಜದ ಬಸ್ಸು ಹಿಡಿಯುತ್ತಿದ್ದರು. ಏನು ಎಂದು ಕೇಳಿದರೆ, "ಮೂಳವ್ಯಾಧಿ ರೀ" ಎಂದರು. ಅಷ್ಟೇ ಅಲ್ಲ, ಮರುವಾರ ಒಂದು ದಿಂಬನ್ನೂ ತಂದರು. ಹೂವಿನ ಹಳೆಯ ಸೀರೆ ಹರಿದು, ಅರಳೆ ತುಂಬಿ, ನಡುವೆ ತೂತು ಬಿಟ್ಟು ಹೊಲಿದದ್ದು; ಕೊಡ ಹೊರುವ ಹೆಂಗಸರ ತಲೆಯ ಸಿಂಬಿಯ ಹಾಗೆ, ಆದರೆ ದೊಡ್ಡದು. ಹೊಲಿದವರು ಅವರ ಮನೆಯವರು.

ಇನ್ನೇನು, ಸ್ಟಾಫ್ ರೂಮಿಗೆ ಹಬ್ಬವಾಯಿತು. ದಿಂಬಿಗೆ ಸಿಂಹಾಸನ ಎಂದು ಹೆಸರಿಟ್ಟೆವು. ನಾಲ್ಕು ಗಂಟೆಗೆ ಸಿಪಾಯಿ ಭಜಿಯ ಪೊಟ್ಟಣ ಬಿಚ್ಚಿದರೆ ನಾನೇ ಮುಂದಾಗಿ, "ಸರಿಗೆ ಮಿರ್ಚಿ ಕೊಡಬ್ಯಾಡ್ರೆಪಾ, ನಾಳೆ ಪ್ರಮೇಯ ಅರ್ಧಕ್ಕ ಬಿಟ್ಟು ಓಡ್ಯಾರು!" ಎನ್ನುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರೂ ನಗುತ್ತಿದ್ದರು. ಮಿರ್ಚಿ ಎಂದರೆ ಅವರಿಗೆ ಪ್ರಾಣ, ಆದರೂ ಮುಟ್ಟುತ್ತಿರಲಿಲ್ಲ.

ಒಂದು ಶನಿವಾರ ನನ್ನ ತಂದೆಯ ಕಣ್ಣಿನ ಪೊರೆ ತೋರಿಸಲು ನಾನೂ ಮಿರಜಕ್ಕೆ ಹೋಗಿದ್ದೆ. ತಂದೆಯನ್ನು ಒಳಗೆ ಕಳಿಸಿ ಓಣಿಯಲ್ಲಿ ಅಡ್ಡಾಡುವಾಗ ಎದುರಿನ ಮನೋರೋಗದ ಡಾಕ್ಟರರ ಬಾಗಿಲ ಬಳಿ, ಕಟ್ಟಿಗೆಯ ಬೆಂಚಿನ ಮೇಲೆ ಗಣಿತದ ಸರ್ ಕೂತಿದ್ದರು. ಆ ದಿಂಬು ತೊಡೆಯ ಮೇಲಿತ್ತು. ಬಸ್ಸಿನಲ್ಲಿ ಊರವರು ಯಾರಾದರೂ ಸಿಕ್ಕಾರು ಎಂದು ಅದನ್ನು ಮಿರಜದವರೆಗೂ ಹೊತ್ತು ತಂದಿದ್ದರು. ನಾನು ಸರಿದುಹೋಗಬೇಕೆನ್ನುವಷ್ಟರಲ್ಲಿ ಅವರೇ ಎದ್ದು ಬಂದರು.

"ಬರ್ರಿ, ಚಾ ಕುಡಿಯೂಣು," ಎಂದರು.

ಚಹಾವನ್ನು ಬಸಿಗೆ ಸುರಿದುಕೊಂಡರು. ಬೋರ್ಡಿನ ಮುಂದೆ ನಿಂತರೆ ಎದೆ ಹೊಡೆದುಕೊಳ್ಳುತ್ತದೆ ಎಂದರು. ಈ ಸಲ ಒಬ್ಬ ಹುಡುಗ ಫೇಲಾದರೆ ಏನು ಗತಿ ಎನ್ನುವುದೊಂದೇ ತಲೆಯಲ್ಲಿ ಗಿರಗಿರ ತಿರುಗುತ್ತದೆ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಮನೆಯಲ್ಲಿ ಮಕ್ಕಳು ಮಾತಾಡಿಸಿದರೆ ಕಿರುಚಿಬಿಡುತ್ತೇನೆ... ಒಂದೊಂದಾಗಿ ಹೇಳಿದರು. ಗುಳಿಗೆ ಶುರುವಾದ ಮೇಲೆ ತುಸು ವಾಸಿ ಎಂದರು.

"ಮೂಳವ್ಯಾಧಿ ಅಂದ್ರ ಮಂದಿ ನಗ್ತಾರ್ರಿ ಸರ್. ನಗ್ಲಿ. ತಲಿಗೆ ಗುಳಿಗಿ ತಗೋತೇನಿ ಅಂದ್ರ ನಗೂದಿಲ್ಲ, ಮಕ್ಕಳ ಕೈ ಹಿಡದು ಎಳಕೊಂಡು ಹೋಗ್ತಾರ. ಡಾಕ್ಟರ್ ಸಾಲಿ ಬಿಡ್ರಿ ಅಂದಿಲ್ಲ, ಹೊರಿ ಇಳಸ್ರಿ ಅಂದಾರ. ಬೀಜಗಣಿತ ನನಗಿರ್ಲಿ, ರೇಖಾಗಣಿತ ನೀವು ತಗೋರಿ. ಅರ್ಧಾ ಹೊರಿ ಇಳದ್ರ ನಾ ಉಳಕೋತೇನಿ. ಪೂರಾ ಬಿಟ್ರ ನಾ ಉಳ್ಯೂದಿಲ್ರಿ, ನನಗ ಕಲಸೂದು ಬಿಟ್ರ ಬ್ಯಾರೆ ಏನೂ ಬರೂದಿಲ್ಲ."

"ಯಾರ ಮುಂದೂ ಬಾಯಿ ಬಿಡೂದಿಲ್ರಿ ಸರ್, ನಮ್ಮವ್ವನ ಆಣಿ," ಎಂದೆ. ಆಗ ನಮ್ಮವ್ವ ಬದುಕಿದ್ದಳು.

ನಾಲ್ಕು ತಿಂಗಳು ಮಾತು ಉಳಿಸಿಕೊಂಡೆ. ಹೆಡ್‌ಮಾಸ್ತರರಿಗೆ ಏನೋ ಹೇಳಿ ರೇಖಾಗಣಿತ ನಾನು ತೆಗೆದುಕೊಂಡೆ. ಬೆಳಗಿನ ತರಗತಿಯನ್ನು ಅವರು ಬಿಟ್ಟರು. ನಿಧಾನಕ್ಕೆ ಅವರ ಮುಖಕ್ಕೆ ಬಣ್ಣ ಬಂತು. ಡಬ್ಬಿ ಖಾಲಿಯಾಗತೊಡಗಿತು. ಒಂದು ದಿನ ತರಗತಿಯಿಂದ ಅವರ ನಗು ಕೇಳಿಸಿತು, ಮಕ್ಕಳೂ ನಗುತ್ತಿದ್ದರು. ಅವರು ಗುಣವಾಗುತ್ತಿದ್ದರು. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ನಾನು ಮಾಡಿದ್ದಕ್ಕೆ ತಿಳಿಯದೆ ಮಾಡಿದೆ ಎಂಬ ನೆಪವೂ ಇಲ್ಲ.

ಜನವರಿಯಲ್ಲಿ ಆಡಳಿತ ಮಂಡಳಿಯ ಸಭೆ ಸೇರಿತು. ಅಂದು ಶನಿವಾರ, ಸರ್ ಮಿರಜಕ್ಕೆ ಹೋಗಿದ್ದರು. ಚೇರ್ಮನ್ನರು ವೇಳಾಪಟ್ಟಿ ನೋಡುತ್ತ, "ಒಂದ ವಿಷಯಕ್ಕ ಇಬ್ಬರ್ಯಾಕ್ರಿ ಮಾಸ್ತರ? ಒಬ್ಬರ ಕೈಯಾಗ ಇರಬೇಕು. ಈ ಸಲಾನೂ ನೂರಕ್ಕ ನೂರ ಬರಬೇಕು ನೋಡ್ರಿ," ಎಂದರು.

ಇಬ್ಬರಿದ್ದರೆ ಮಕ್ಕಳಿಗೆ ಒಳ್ಳೆಯದು ಎಂದಿದ್ದರೆ ಮುಗಿಯುತ್ತಿತ್ತು. ಅದು ನಿಜವೂ ಆಗಿತ್ತು. ಆದರೆ ಒಬ್ಬರ ಕೈಯಲ್ಲಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಬುದ್ಧಿ ಅಡ್ಡದಾರಿ ಹಿಡಿಯಿತು. ಆ ಒಬ್ಬರು ನಾನೇ ಯಾಕಾಗಬಾರದು? ಹಳ್ಳಿಯವರು ಮಕ್ಕಳನ್ನು ತಂದು ನನ್ನ ಹೆಸರು ಹೇಳಿ ಯಾಕೆ ಸೇರಿಸಬಾರದು?

"ಪಾಪ, ಸರ್ ತಬ್ಬೇತ್ ಬರೋಬರಿ ಇಲ್ರಿ," ಎಂದೆ.

"ಮೂಳವ್ಯಾಧಿಗೆ ಪಾಠ ನಿಲ್ಲತಾವೇನ್ರಿ?" ಎಂದರು ಚೇರ್ಮನ್ನರು. ಎಲ್ಲರೂ ನಕ್ಕರು. ಆ ನಗೆಯಲ್ಲಿ ಮಾತು ತೇಲಿಹೋಗುತ್ತಿತ್ತು, ನಾನು ಬಿಡಲಿಲ್ಲ. ದನಿ ತಗ್ಗಿಸಿ ಹೇಳಿದೆ: "ಮೂಳವ್ಯಾಧಿ ಅಲ್ರಿ ಅದು. ತಲಿಗೆ ಗುಳಿಗಿ ತಗೋತಾರ... ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ಯಾರ ಮುಂದೂ ಹೇಳಬೇಡಿ ಎಂದೂ ಅಂದೆ! ಥೂ, ಇಂದಿಗೂ ಆ ಮಾತು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ಸೋಮವಾರ ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಇಬ್ಬರು ಪಾಲಕರು ಬಂದು ಹೆಡ್‌ಮಾಸ್ತರರ ಕೋಣೆಯಲ್ಲಿ ಗದ್ದಲ ಮಾಡಿದರು. ಮಧ್ಯಾಹ್ನ ಆದೇಶ ಬಂತು. ಹತ್ತನೇ ತರಗತಿಯ ಗಣಿತವೆಲ್ಲ ನನಗೆ. ಅವರಿಗೆ ಎಂಟನೇ ತರಗತಿಯ ಕವಾಯತು ಮತ್ತು ಗ್ರಂಥಾಲಯದ ಕೀಲಿಕೈ. ಮನೆಗೆ ಬಂದು ಹೆಂಡತಿಗೆ ಮೊದಲಿನಿಂದ ನಡೆದದ್ದನ್ನೆಲ್ಲ ಹೇಳಿ, "ಹೋಗಲಿ, ಅವರಿಗೂ ಆರಾಮ ಸಿಕ್ಕಿತು," ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದಳು.

"ಅವರು ಅರ್ಧಾ ತಗೋರಿ ಅಂದಿದ್ರು. ನೀವು ಪೂರಾ ಕಸಗೊಂಡು ಬಂದ್ರಿ."

ಮರುದಿನ ಸ್ಟಾಫ್ ರೂಮಿಗೆ ಎಂದಿನಂತೆ ಭಜಿ ಬಂತು. ಸರ್ ಬಂದರು. ಕೈಯಲ್ಲಿ ದಿಂಬು ಇರಲಿಲ್ಲ. ಬರಿಯ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಕಾಗದದಿಂದ ಒಂದು ಮಿರ್ಚಿ ಎತ್ತಿಕೊಂಡು ತಿಂದರು. ಆಮೇಲೆ ಇನ್ನೊಂದು. ಆಮೇಲೆ ಮೂರನೆಯದು. ಅವರ ಕಣ್ಣಲ್ಲಿ ನೀರು ಬಂದಿತ್ತು. "ಖಾರ ಛಲೋ ಆಗೈತ್ರಿ," ಎಂದು ಕರವಸ್ತ್ರದಿಂದ ಒರೆಸಿಕೊಂಡರು. ಎದ್ದು ಹೋಗುವಾಗ ಒಂದು ಸಲ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಜಾಣ ಹುಡುಗನೊಬ್ಬ ಕಾಪಿ ಹೊಡೆದು ಸಿಕ್ಕಿಬಿದ್ದರೆ ನೋಡುತ್ತಿದ್ದರಲ್ಲ, ಹಾಗೆ. ನಾನು ಹಾಜರಿ ಪುಸ್ತಕ ತೆರೆದು ತಲೆ ಹುದುಗಿಸಿಕೊಂಡೆ.

ಆ ವರ್ಷವೂ ಗಣಿತದಲ್ಲಿ ಎಲ್ಲರೂ ಪಾಸು. ನನಗೆ ಶಾಲು, ಹಾರ, ತೆಂಗಿನಕಾಯಿ. ಅವರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ಬಂದು ನನ್ನ ಕೈ ಹಿಡಿದು, "ಈಗರೆ ನಾಕ ದಿನ ಆರಾಮ ನಿದ್ದಿ ಮಾಡ್ರಿ ಸರ್," ಎಂದರು. ನನಗೆ ಕುಟುಕಿದ ಹಾಗಾಯಿತು. "ನನಗೇನಾಗೈತ್ರಿ?" ಎಂದುಬಿಟ್ಟೆ. ಅವರು ಕೈ ಬಿಟ್ಟು ಹೋದರು. ನಮ್ಮಿಬ್ಬರ ನಡುವಿನ ಕೊನೆಯ ಮಾತು ಅದು...

ಜೂನ್‌ನಲ್ಲಿ ಅವರು ಬರಲಿಲ್ಲ. ಅವಧಿಗೆ ಮೊದಲೇ ನಿವೃತ್ತಿ ಪಡೆದು, ತಮ್ಮ ಊರು ಸತ್ತಿಗೆ ಹೋದರೆಂದು ತಿಳಿಯಿತು. ಅವರ ಕಪಾಟು ತೆರೆದಾಗ ಒಳಗೆ ಆ ದಿಂಬು ಇತ್ತು. "ಇದನ್ನೇನ ಮಾಡ್ಲಿರಿ?" ಎಂದು ಸಿಪಾಯಿ ಕೇಳಿದ. "ಏನರ ಮಾಡು," ಎಂದೆ. ಅವನು ಬಿಚ್ಚಿ, ಬಟ್ಟೆ ಹರಿದು, ತರಗತಿಗೊಂದರಂತೆ ಬೋರ್ಡು ಒರೆಸಲು ಇಟ್ಟ. ಆ ವರ್ಷವೆಲ್ಲ ನಾನು ಹತ್ತನೇ ತರಗತಿಯ ಬೋರ್ಡು ಒರೆಸಿದ್ದು ಆ ಹೂವಿನ ಬಟ್ಟೆಯಿಂದಲೇ.

ಸತ್ತಿ ಏನು ಕಾಶಿಯೇ? ಬಸ್ಸು ಹತ್ತಿದರೆ ಒಂದೂವರೆ ತಾಸು. ಹತ್ತು ವರ್ಷದಲ್ಲಿ ಒಮ್ಮೆಯೂ ಹೋಗಲಿಲ್ಲ. ನನಗೆ ಪುರುಸೊತ್ತಿರಲಿಲ್ಲ! ನಾನು ಹೆಡ್‌ಮಾಸ್ತರನಾದೆ. ಚಿಕ್ಕೋಡಿಯಲ್ಲಿ ಶಿಕ್ಷಣ ಇಲಾಖೆಯ ಸಭೆಗಳಲ್ಲಿ ಪರದೆಯ ಮೇಲೆ ಸಾಲಿಗಳ ಫಲಿತಾಂಶ ತೋರಿಸುತ್ತಿದ್ದರು; ನಮ್ಮ ಸಾಲಿಯ ಹೆಸರು ಎರಡನೆಯ ಸ್ಥಾನಕ್ಕೆ ಇಳಿದರೆ ಸಾಕು, ನನಗೆ ಬೆವರು ಕೀಳುತ್ತಿತ್ತು. ಬೆಳಿಗ್ಗೆ ಐದೂವರೆಯ ತರಗತಿಯನ್ನು ಐದಕ್ಕೆ ತಂದೆ. ಹೋದ ಶ್ರಾವಣದಲ್ಲಿ ಒಂದು ದಿನ ಪ್ರಾರ್ಥನೆ ಮುಗಿಯಿತು, ಮಕ್ಕಳು ನನ್ನ ಮುಖ ನೋಡುತ್ತ ನಿಂತಿದ್ದವು, ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಅಂದು ಮನೆಗೆ ಬಂದು, ಚಹಾ ಚೆಲ್ಲಿತೆಂಬ ಕಾರಣಕ್ಕೆ ಚಿಕ್ಕ ಹುಡುಗನಂತೆ ಅತ್ತೆ. ಮರುದಿನ ಹೆಂಡತಿ ಮಿರಜಕ್ಕೆ ಕರೆದುಕೊಂಡು ಹೋದಳು.

ಅದೇ ಓಣಿ, ಅದೇ ಬಾಗಿಲು. ಬೆಂಚು ಮಾತ್ರ ಈಗ ಉಕ್ಕಿನದು. ಒಳಗಿದ್ದ ಡಾಕ್ಟರರು ಹಳೆಯವರ ಮಗ. ಗುಳಿಗೆ ಬರೆದುಕೊಟ್ಟು, ಕೆಲಸ ಪೂರ್ತಿ ಬಿಡಬೇಕಾಗಿಲ್ಲ, ಅರ್ಧ ಯಾರಿಗಾದರೂ ಹಂಚಿ ಎಂದರು. ಯಾರಿಗೆ ಹಂಚಲಿ? ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ಒಳ್ಳೆಯ ಹುಡುಗರೇ. ಆದರೆ ನನಗೆ ಪ್ರತಿಯೊಬ್ಬರಲ್ಲೂ ನಾನೇ ಕಂಡೆ. ಯಾರನ್ನೂ ಕೇಳಲಿಲ್ಲ.

ಅದಕ್ಕೇ ಕಳೆದ ತಿಂಗಳು ಆ ಅಂಗಡಿಯಲ್ಲಿ, ಗುಳಿಗೆಗಳ ಜೊತೆ ಆ ರಬ್ಬರ್ ದಿಂಬನ್ನೂ ಕೊಡಿ ಎಂದೆ.

ವಾಪಸು ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವನು ನನ್ನನ್ನು ಗುರುತು ಹಿಡಿದ. ಕಬ್ಬಿನ ಹೊಲದಲ್ಲಿ ಹೊಕ್ಕು ಕೂರುತ್ತಿದ್ದ ಅದೇ ಹುಡುಗ. ಈಗ ಮೀಸೆ, ಹೊಟ್ಟೆ ಎಲ್ಲ ಬಂದಿದೆ. ಟ್ರಾಕ್ಟರ್ ರಿಪೇರಿಯ ಅಂಗಡಿ ಇಟ್ಟಿದ್ದಾನಂತೆ. "ಏನ್ರಿ ಸರ್, ಮಿರಜಿಗೆ?" ಎಂದ.

"ಮೂಳವ್ಯಾಧಿಪಾ," ಎಂದು ತೊಡೆಯ ಮೇಲಿದ್ದ ದಿಂಬು ತೋರಿಸಿದೆ. ಅದರ ಕೆಳಗೆ ಚೀಲದಲ್ಲಿ ಗುಳಿಗೆಗಳಿದ್ದವು.

ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಆಮೇಲೆ ಹೇಳಿದ: "ಗಣಿತದ ಸರ್ ನೆನಪಾದ್ರು ನೋಡ್ರಿ. ಹೋದ ವರ್ಷ ತೀರಕೊಂಡ್ರಲ್ರಿ, ಎದಿ ನೋವು ಬಂದು. ಸತ್ತಿಗೆ ಮಣ್ಣಿಗೆ ಹೋಗಿದ್ದೆ ನಾ. ಊರಾಗಿನ ಹುಡುಗರೆಲ್ಲಾ ಅಳಾಕತ್ತಿದ್ವು. ದಿನಾ ಸಂಜಿಕ ಕಟ್ಟಿ ಮ್ಯಾಲ ಕುಂದ್ರಿಸಿಕೊಂಡು ಲೆಕ್ಕಾ ಹೇಳಿ ಕೊಡತಿದ್ರಂತ. ಒಂದ ತಾಸು ಅಂದ್ರ ಒಂದ ತಾಸು. ಆಮ್ಯಾಲ ಎದ್ದು ಹೊಳಿದಂಡಿಗೆ ಅಡ್ಡಾಡಾಕ ಹೋಗ್ತಿದ್ರಂತ."

ಒಂದು ತಾಸು. ಆಮೇಲೆ ಹೊಳೆಯ ದಂಡೆ... ಅವರು ನನ್ನ ಬಳಿ ಕೇಳಿದ್ದು ಅಷ್ಟೇ ಆಗಿತ್ತು. ತೀರಿಕೊಂಡ ಸುದ್ದಿ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ ತಲೆ ಅಲ್ಲಾಡಿಸಿದೆ.

ಅವನು ದನಿ ತಗ್ಗಿಸಿ ಕೇಳಿದ: "ಸರ್, ಅವರ ತಲಿ ಕೆಟ್ಟಿತ್ತಂತ ಊರಾಗ ಅಂತಿದ್ರಲ್ರಿ. ನೀವು ಅವರ ಜೋಡಿ ಇದ್ರಿ. ಖರೇನ್ರಿ?"

ಹತ್ತು ವರ್ಷದ ಮೇಲೆ ಅದೇ ಮಾತು ಮತ್ತೆ ಬಂದಿತ್ತು. ಈ ಸಲ ಚೇರ್ಮನ್ನರಿಲ್ಲ, ಆಸೆ ಪಡಲು ಯಾವ ಶಾಲೂ ಇಲ್ಲ. ಇಲ್ಲಪ್ಪ, ಅವರ ತಲೆ ಕೆಟ್ಟಿರಲಿಲ್ಲ, ದಣಿದಿದ್ದರು, ನನ್ನ ಹಾಗೆಯೇ, ನೋಡು ಚೀಲದಲ್ಲಿ ಅದೇ ಗುಳಿಗೆ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂತು.

"ಹಂಗ ಅಂತಿದ್ರಪಾ ಮಂದಿ," ಎಂದೆ.

ಅವನು ನಿಟ್ಟುಸಿರು ಬಿಟ್ಟ. ಕಾಗವಾಡದಲ್ಲಿ ಇಳಿದು, ಕಿಟಕಿಯ ಹತ್ತಿರ ಬಂದು, "ಸರ್, ಮಿರ್ಚಿ ಬಿಡ್ರಿ, ಮಜ್ಜಿಗಿ ಕುಡೀರಿ!" ಎಂದು ಜೋರಾಗಿ ಕೂಗಿದ. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸು ಹೊರಟಿತು.

ಮಂದಿ ಅಂದಿರಲಿಲ್ಲ. ನಾನು ಅಂದಿದ್ದೆ.